ಆರನೇ ನಂಬರಿನ ಲೇತ್

ಆ ಬೀದಿಯಲ್ಲಿ ಅವನನ್ನು ನಿಜವಾದ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಮೈಕ್ರಾನ್. ಒಂದು ಕೂದಲೆಳೆಯನ್ನು ಉದ್ದಕ್ಕೆ ಐವತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟರ ಅಳತೆ ಅದು. ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಟರ್ನರ್ ಆಗಿ ಲೇತ್ ಮೇಲೆ ಕಬ್ಬಿಣ ಕೆತ್ತಿದವನು, ಅಷ್ಟು ಸಣ್ಣ ತಪ್ಪಿಗೂ ಮೂಗು ಮುರಿಯುತ್ತಿದ್ದನಂತೆ. ಬೆಳಗ್ಗೆ ಹಲ್ಲುಜ್ಜುವ ಮುಂಚೆ ಪೇಸ್ಟಿಗೂ ಅಳತೆಯ ಗೇಜ್ ಹಿಡಿದು ನೋಡುತ್ತಾನೆ ಎಂದು ಜೊತೆಯವರು ಆಡಿಕೊಳ್ಳುತ್ತಿದ್ದರು. ಅವನು ನಗುತ್ತಿರಲಿಲ್ಲ, ಬೇಜಾರೂ ಮಾಡಿಕೊಳ್ಳುತ್ತಿರಲಿಲ್ಲ.

ಇಷ್ಟು ಕರಾರುವಾಕ್ಕಾದ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಸಲ ಮೈಮರೆತಿದ್ದ. ಆ ಒಂದು ಸಲಕ್ಕೆ ಒಬ್ಬನ ಪ್ರಾಣ ಹೋಗಿತ್ತು. ಹೋದವನು ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ಒಬ್ಬನೇ ತಮ್ಮ. ತಪ್ಪು ಯಾರದೆಂಬುದು ಮೈಕ್ರಾನ್‌ಗೆ ಬಿಟ್ಟರೆ ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಉಂಡ, ಮಲಗಿದ, ಮಗಳನ್ನು ಬೆಳೆಸಿ ಮದುವೆ ಮಾಡಿ ಕಳಿಸಿದ. ಅದು ಒಂದು ಹಳೆ ಲೇತಿನ ಜೊತೆ ಮನೆಯೊಳಗೇ ಬಂದು ಕೂತುಕೊಳ್ಳುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಕಾರ್ಖಾನೆಗೆ ಬೀಗ ಬಿದ್ದು ಎರಡು ವರ್ಷವಾಗಿತ್ತು. ಮನೆಯಲ್ಲಿ ಮೂರು ಜನ. ಹೆಂಡತಿ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಶಾಲೆ ಸಮವಸ್ತ್ರ ಹೊಲಿಯುತ್ತಿದ್ದಳು. ಅವಳ ತಾಯಿ ಅದೇ ಕೋಣೆಯ ಕಿಟಕಿ ಪಕ್ಕ ಕೂತು ಗುಂಡಿಗಳನ್ನು ಅಳತೆಗೆ ತಕ್ಕಂತೆ ಡಬ್ಬಿಗಳಿಗೆ ವಿಂಗಡಿಸುತ್ತಿದ್ದಳು. ಮುದುಕಿಗೆ ಕಣ್ಣು ಚುರುಕು, ಕಿವಿ ಮಾತ್ರ ಮಂದ. ಎದುರು ಗೋಡೆಯಲ್ಲಿ ಸತ್ತ ಮಗನ ಫೋಟೋ. ದಿನಕ್ಕೊಂದು ಸಲವಾದರೂ ಮುದುಕಿ ಅದರ ಕಡೆ ನೋಡಿ ಗೊಣಗುತ್ತಿದ್ದಳು: "ಎಷ್ಟು ಬಡ್ಕೊಂಡೆ, ನಿಧಾನ ಕಣೋ, ನಿಧಾನ ಅಂತ. ಮಾತು ಕಿವಿಗೆ ಹಾಕ್ಕೊಂಡಿದ್ರೆ ತಾನೆ. ನಿನ್ನ ಕೈಯಾರೆ ನೀನೇ ಹೋದೆ." ಹೀಗೆ ಬೈದು ಮತ್ತೆ ಗುಂಡಿಗೆ ಕೈ ಹಾಕುತ್ತಿದ್ದಳು. ಕೆಲಸವಿಲ್ಲದ ಮೈಕ್ರಾನ್ ಅದನ್ನು ಕೇಳುತ್ತ ಮನೆಯಲ್ಲೇ ಕೂತಿರಬೇಕಾಗಿ ಬಂದದ್ದು ಅವನಿಗಾದ ಶಿಕ್ಷೆಯಲ್ಲಿ ದೊಡ್ಡದು ಎಂದೇ ನನಗನ್ನಿಸುತ್ತದೆ. ಕಾರ್ಖಾನೆಗೆ ಹೋಗುವ ಕಾಲದಲ್ಲಾದರೆ ದಿನಕ್ಕೆ ಎಂಟು ಗಂಟೆ ಆ ಮಾತಿನಿಂದ ಬಿಡುಗಡೆ ಇತ್ತು.

ಹಿತ್ತಲಲ್ಲಿ ಶೀಟು ಹೊದಿಸಿದ ಒಂದು ಕೊಟ್ಟಿಗೆಯಂಥ ಕೋಣೆ ಖಾಲಿ ಬಿದ್ದಿತ್ತು. ಅಲ್ಲೊಂದು ಲೇತ್ ಹಾಕಿಕೊಂಡರೆ ಪಂಪಿನ ಶಾಫ್ಟು, ಬುಷ್ಷು, ಸಣ್ಣಪುಟ್ಟ ರಿಪೇರಿಗೆ ಜನ ಬರುತ್ತಾರೆ ಎಂದು ಹೆಂಡತಿಯೇ ಯೋಚನೆ ಹಾಕಿದಳು. "ಸುಮ್ನೆ ಕೂತ್ರೆ ನೀವು ತುಕ್ಕು ಹಿಡೀತೀರಿ. ಒಂದು ಹಳೆ ಲೇತಾದ್ರೂ ತಗೊಳ್ಳಿ," ಎಂದಳು. ಅವನ ಮುಖದಲ್ಲಿ ಎರಡು ವರ್ಷದಿಂದ ಕಾಣದ ಕಳೆ ಅವತ್ತು ಬಂತು.

ಆ ಹಳೆಯ ವಿಷಯವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಲೇತಿನ ತಲೆಯ ಕಡೆ ಮೂರು ದವಡೆಯ ಗುಂಡನೆಯ ಹಿಡಿಕೆಯಿರುತ್ತದೆ, ಅದಕ್ಕೆ ಚಕ್ ಅನ್ನುತ್ತಾರೆ. ಕೆತ್ತಬೇಕಾದ ಕಬ್ಬಿಣವನ್ನು, ಅಂದರೆ ಜಾಬನ್ನು, ಆ ದವಡೆಗೆ ಕಚ್ಚಿಸಿ, ಪಕ್ಕದ ತೂತಿಗೆ ಕೀ ಹಾಕಿ ಬಿಗಿಯಬೇಕು. ಕೀ ಅಂದರೆ ಬೀಗದ ಕೈಯಲ್ಲ. ಗೇಣುದ್ದದ, ತಲೆಯಲ್ಲಿ ಅಡ್ಡ ಹಿಡಿಯಿರುವ ಉಕ್ಕಿನ ಸರಳು. ಬಿಗಿದ ಮೇಲೆ ಅದನ್ನು ತೆಗೆಯಲೇಬೇಕು. ತೆಗೆಯದೆ ಯಂತ್ರ ಶುರು ಮಾಡಿದರೆ ಚಕ್ ತಿರುಗುವ ರಭಸಕ್ಕೆ ಕೀ ಕಿತ್ತುಕೊಂಡು ಹಾರುತ್ತದೆ. ಎತ್ತ ಹಾರುತ್ತದೆಂದು ಹೇಳುವುದು ಯಾರಿಂದಲೂ ಆಗದು.

ಅದಕ್ಕೇ ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ ನಡೆದುಬಂದಿತ್ತು. ಪಾಳಿ ಮುಗಿಸಿ ಹೋಗುವವನು ಚಕ್ಕಿನ ಕೀಯನ್ನು ಪಾಳಿಗೆ ಬರುವವನ ಅಂಗೈಯಲ್ಲಿಡಬೇಕು. ಮೊಳೆಗೆ ನೇತುಹಾಕಿದ್ದೇನೆ ಎಂದು ಬಾಯಲ್ಲಿ ಹೇಳಿ ಹೋಗುವಂತಿಲ್ಲ. ಕೈಯಿಂದ ಕೈಗೆ. ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಮುರಿದವರಿರಲಿಲ್ಲ.

ಆರನೇ ನಂಬರಿನ ಲೇತಿನ ಮೇಲೆ ಮೊದಲ ಪಾಳಿ ಮೈಕ್ರಾನ್‌ದು, ಎರಡನೇ ಪಾಳಿ ಆ ತಮ್ಮನದು. ಹುಡುಗನಿಗೆ ಇಪ್ಪತ್ತೊಂದು. ಅಕ್ಕನಿಗೂ ಮೈಕ್ರಾನ್‌ಗೂ ಮದುವೆ ಇನ್ನೂ ನಿಶ್ಚಯವಾಗಿತ್ತಷ್ಟೆ, ಅಷ್ಟರಲ್ಲೇ ಬಾಯಿತುಂಬ ಭಾವ ಭಾವ ಎಂದು ಕರೆಯುತ್ತಿದ್ದ. ತಾಯಿ ಹೇಳುವ ಹಾಗೆ ಅವಸರದವನೇನೂ ಅಲ್ಲ, ಹೆದರಿಕೆ ಸ್ವಲ್ಪ ಹೆಚ್ಚು. ಕೀ ಮರೆತರೆ ಏನು ಗತಿ ಎಂದು ಅಕ್ಕನ ಸೈಕಲ್ ಸೀಟಿನ ಕೆಳಗಿನ ಒಂದು ಸ್ಪ್ರಿಂಗ್ ಬಿಚ್ಚಿ ತಂದು, ತನ್ನದೇ ಒಂದು ಕೀ ಮಾಡಿ ಅದಕ್ಕೆ ಸಿಕ್ಕಿಸಿಕೊಂಡಿದ್ದ. ಆ ಕೀಯನ್ನು ಚಕ್ಕಿಗೆ ಒತ್ತಿ ಹಿಡಿದು ಬಿಗಿಯಬೇಕು. ಕೈ ಬಿಟ್ಟರೆ ಸ್ಪ್ರಿಂಗ್ ಅದನ್ನು ತಾನಾಗಿ ಹೊರಗೆ ತಳ್ಳುತ್ತಿತ್ತು. ಅಕ್ಕ ಒಂದು ವರ್ಷ ಒಂದು ಪಕ್ಕಕ್ಕೆ ವಾಲಿದ ಸೀಟಿನ ಮೇಲೆ ಸೈಕಲ್ ಹೊಡೆದಳು, ಅವನಿಗೆ ಬಾಯಿಗೆ ಬಂದ ಹಾಗೆ ಬೈದಳು. "ನೀವೂ ಇದನ್ನೇ ಹಾಕಿ ಭಾವ," ಎಂದು ಹುಡುಗ ಮೈಕ್ರಾನ್‌ಗೆ ಎಷ್ಟೋ ಸಲ ಹೇಳಿದ್ದ. "ಕೈ ಮೇಲೆ ನಂಬಿಕೆ ಇಲ್ದೋರ ಆಟಿಕೆ ಕಣೋ ಅದು," ಎಂದು ಮೈಕ್ರಾನ್ ನಕ್ಕಿದ್ದ.

ಆ ದಿನ ಮೈಕ್ರಾನ್ ಪಾಳಿ ಮುಗಿಯಲು ಹತ್ತು ನಿಮಿಷವಿದ್ದಾಗಲೇ ಹೊರಟ. ಬಸ್ ನಿಲ್ದಾಣದಲ್ಲಿ ಹುಡುಗನ ಅಕ್ಕ ಕಾಯುತ್ತೇನೆಂದಿದ್ದಳು. ಅಗಲವಾದ ಒಂದು ಗಾಲಿಯನ್ನು ಚಕ್ಕಿಗೆ ಬಿಗಿದು ಇಟ್ಟಿದ್ದ. ಗೇಟಿನ ಹತ್ತಿರ ಹುಡುಗ ಎದುರಾದ. "ಜಾಬ್ ಕಟ್ಟಿದೀನಿ, ನೀನು ಶುರು ಮಾಡಿದ್ರೆ ಸಾಕು," ಎಂದ ಇವನು. "ಕೀ ಎಲ್ಲಿ ಭಾವ?" ಎಂದು ಹುಡುಗ ಕೈಚಾಚಿದ. "ಮೊಳೆಗೆ ಹಾಕಿದೀನಿ ಹೋಗೋ," ಎಂದು ಆ ಅಂಗೈಗೆ ಒಂದು ಏಟು ಕೊಟ್ಟು ಇವನು ಬಸ್ಸಿಗೆ ಓಡಿದ. ಮೊಳೆಗೆ ಹಾಕಿದ್ದೇನೆಂದೇ ಅವನು ನಂಬಿದ್ದ. ಕೀ ಇದ್ದದ್ದು ಚಕ್ಕಿನ ಹಿಂಬದಿಯಲ್ಲಿ, ಅಗಲವಾದ ಆ ಗಾಲಿಯ ಮರೆಯಲ್ಲಿ. ಹುಡುಗ ಮೊಳೆ ನೋಡಲಿಲ್ಲ. ಹೇಳಿದವನು ಅಕ್ಕನ ಗಂಡನಾಗುವವನು, ಅದೂ ಮೈಕ್ರಾನ್, ನೋಡುವ ಅಗತ್ಯವೇನಿತ್ತು?

ಕೀ ಹಣೆಗೆ ಹೊಡೆದಿತ್ತು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಇರಲಿಲ್ಲ.

ಸುದ್ದಿ ಮುಟ್ಟಿ ಮೈಕ್ರಾನ್ ವಾಪಸು ಓಡಿಬಂದಾಗ ಲೇತಿನ ಸುತ್ತ ಯಾರೂ ಇರಲಿಲ್ಲ, ಎಲ್ಲರೂ ಹೆಣದ ಸುತ್ತ ಇದ್ದರು. ಲೇತಿನ ಕಾಲಿನ ಡ್ರಾಯರು ಅರ್ಧ ತೆರೆದಿತ್ತು. ಅದರೊಳಗೆ ಸ್ಪ್ರಿಂಗಿನ ಕೀ, ಬಟ್ಟೆಯಲ್ಲಿ ಸುತ್ತಿದ್ದು ಸುತ್ತಿದ ಹಾಗೇ. ಹುಡುಗ ಅದನ್ನು ಮುಟ್ಟಿಯೇ ಇರಲಿಲ್ಲ; ಅಂದರೆ ಚಕ್ಕನ್ನು ಬಿಗಿದದ್ದು ಅವನಲ್ಲ. ಮೈಕ್ರಾನ್ ಅದನ್ನು ಡ್ರಾಯರಿನ ಹಿಂದಕ್ಕೆ ತಳ್ಳಿದ, ಡ್ರಾಯರು ಮುಚ್ಚಿದ, ಸುತ್ತಿಗೆ ತೆಗೆದುಕೊಂಡು ಅದರ ಅಂಚಿಗೆ ಎರಡು ಏಟು ಹಾಕಿ ತಗಡು ಕಚ್ಚಿಕೊಳ್ಳುವ ಹಾಗೆ ಮಾಡಿದ. ಯಾಕೆ ಹಾಗೆ ಮಾಡಿದೆ ಎಂದು ಅವತ್ತು ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ. ಕೈ ತಾನಾಗಿ ಮಾಡಿತು.

ವಿಚಾರಣೆಯಲ್ಲಿ ಅವನು ಹೇಳಿದ್ದು ಒಂದೇ ಮಾತು: "ನಾನು ಕೀ ಮೊಳೆಗೆ ಹಾಕಿ ಹೋದೆ." ಹಾಗಿದ್ದರೆ ಸತ್ತವನೇ ಜಾಬನ್ನು ಇನ್ನೊಮ್ಮೆ ಬಿಗಿಯಲು ಹೋಗಿ ಮರೆತಿದ್ದಾನೆ ಎಂದು ಬರೆದುಕೊಂಡರು. ಅಕ್ಕ ಒಬ್ಬಳೇ ಒಪ್ಪಲಿಲ್ಲ. "ಅವನ ಕೀಗೆ ಸ್ಪ್ರಿಂಗ್ ಇತ್ತಲ್ಲ, ಅದು ಹೇಗೆ ನಿಲ್ಲುತ್ತೆ?" ಎಂದು ಹಟ ಹಿಡಿದಳು. ಆಗ ಮೈಕ್ರಾನ್ ಎರಡನೇ ಸುಳ್ಳು ಹೇಳಿದ. ಆ ಸ್ಪ್ರಿಂಗ್ ವಾರದ ಹಿಂದೆಯೇ ಮುರಿದುಹೋಗಿ ಹುಡುಗ ಕೀಯನ್ನೇ ಎಸೆದುಬಿಟ್ಟ ಎಂದ. ಅವಳು ಸುಮ್ಮನಾದಳು. ಆರು ತಿಂಗಳಾದ ಮೇಲೆ ಇಬ್ಬರಿಗೂ ಮದುವೆಯಾಯಿತು. ಮಗನಿಲ್ಲದ ಅತ್ತೆಯನ್ನು ಅವನು ತಾನಾಗಿ ಮನೆಗೆ ಕರೆತಂದ. ಬೀದಿಯವರು ಎಂಥ ಅಳಿಯ ಎಂದು ಹೊಗಳಿದರು.

ಈಗ ಲೇತ್ ಹುಡುಕುವ ಮಾತಿಗೆ ಬರೋಣ. ಹಳೆ ಲೇತ್ ಕೊಳ್ಳುವುದು ಹುಡುಗಾಟವಲ್ಲ. ಬಣ್ಣಕ್ಕೆ ಮರುಳಾದವನು ಕೆಟ್ಟ. ಲೇತಿನ ಬೆನ್ನೆಲುಬೆಂದರೆ ಅದರ ಬೆಡ್, ಉಳಿ ಹಿಡಿದ ಗಾಡಿ ಹಿಂದೆ ಮುಂದೆ ಜಾರುವ ಉದ್ದನೆಯ ಹಾಸು. ವರ್ಷಗಟ್ಟಲೆ ಜಾರಿ ಜಾರಿ ಚಕ್ಕಿನ ಹತ್ತಿರ ಅದು ಸವೆದುಹೋಗುತ್ತದೆ. ಅಲ್ಲಿ ಸವೆದಿದ್ದರೆ ನೀವು ಎಷ್ಟೇ ಜಾಣರಿರಲಿ, ಕೆತ್ತಿದ್ದೆಲ್ಲ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಮೈಕ್ರಾನ್ ಮೂರು ತಿಂಗಳಲ್ಲಿ ಹನ್ನೊಂದು ಲೇತ್ ನೋಡಿದ. ಪ್ರತಿಯೊಂದರ ಬೆಡ್ ಮೇಲೂ ಹೆಬ್ಬೆರಳಿನ ಉಗುರು ಎಳೆದ, ಪ್ರತಿಯೊಂದಕ್ಕೂ ತಲೆಯಾಡಿಸಿ ಬಂದ. ಹೆಂಡತಿಗೆ ಸಾಕುಬೇಕಾಯಿತು. "ನೀವು ನೋಡೋ ರೀತೀಲಿ ನಮ್ಮಪ್ಪ ನಿಮ್ಮನ್ನ ನೋಡಿದ್ದಿದ್ರೆ ನಂಗೆ ಇವತ್ತಿಗೂ ಮದುವೆ ಆಗ್ತಿರ್ಲಿಲ್ಲ," ಎಂದಳು.

ಹನ್ನೆರಡನೆಯದು ಊರಾಚೆ ಹಳೆ ಯಂತ್ರಗಳ ವ್ಯಾಪಾರಿಯ ಅಂಗಳದಲ್ಲಿತ್ತು. ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು. ವ್ಯಾಪಾರಿ, ಹೊಟ್ಟೆಯ ಮೇಲೆ ಎರಡು ಕೈ ಇಟ್ಟುಕೊಂಡೇ ಮಾತಾಡುವ ದಪ್ಪನೆಯ ಆಸಾಮಿ, "ಯಜಮಾನ್ರೆ, ಇದನ್ನ ನೋಡಿ ತಲೆ ಆಡ್ಸಿದ್ರೆ ನಾನು ಅಂಗಡಿ ಮುಚ್ತೀನಿ," ಎಂದ. ಮೈಕ್ರಾನ್ ಬಗ್ಗಿ ಬೆಡ್ ಮೇಲೆ ಉಗುರು ಎಳೆದ. ಎಲ್ಲಿಯೂ ತಡೆಯಲಿಲ್ಲ. ಚಕ್ಕಿನ ಬುಡದಲ್ಲಿ ಎಳೆದ, ತುದಿಯಲ್ಲಿ ಎಳೆದ; ಹೊಸ ಯಂತ್ರದ ಬೆಡ್ಡಿಗೂ ಇದಕ್ಕೂ ವ್ಯತ್ಯಾಸ ತಿಳಿಯದು. ಖುಷಿಗೆ ಇನ್ನೊಮ್ಮೆ ಎಳೆದು ನೋಡಿದ. ಉಳಿಯನ್ನು ಅಡ್ಡಕ್ಕೆ ಸರಿಸುವ ತಿರುಗಣೆಗೆ ಕೈ ಹಾಕಿದ. ಕಬ್ಬಿಣದ ಹಿಡಿಯ ಜಾಗದಲ್ಲಿ ಮರದ ಒಂದು ಗುಂಡು ಹಿಡಿ ಕೈಗೆ ಸಿಕ್ಕಿತು. ಮುರಿದುಹೋಗಿದ್ದ ಹಿಡಿಗೆ ಬದಲಾಗಿ ಅದನ್ನು ಕಡೆದು ಕೂರಿಸಿದ್ದವನು ಆ ಸತ್ತ ಹುಡುಗ. ಅಂಗೈಗೆ ಅದು ನೆನಪಿತ್ತು. ಅವನು ಮೆಲ್ಲಗೆ ಕೆಳಗೆ ನೋಡಿದ. ಲೇತಿನ ಕಾಲಿನ ಡ್ರಾಯರಿನ ಅಂಚಿನಲ್ಲಿ, ಹಸಿರು ಬಣ್ಣದ ಅಡಿಯಲ್ಲಿ, ಸುತ್ತಿಗೆಯ ಎರಡು ಗುಳಿ.

"ಡ್ರಾಯರೊಂದು ಜಾಮ್ ಆಗಿದೆ, ಬಿಡಿ, ಅದೇನು ದೊಡ್ಡ ವಿಷಯ," ಎಂದ ವ್ಯಾಪಾರಿ. "ನಾನೂ ಇನ್ನೊಬ್ಬನ ಹತ್ರ ತಗೊಂಡಿದ್ದು, ಅವನು ಯಾವ ಹರಾಜಲ್ಲಿ ತಂದ್ನೋ. ಆದ್ರೆ ಇಂಥ ಬೆಡ್ ನಾನು ನೋಡಿಲ್ಲ. ಯಾರೂ ಓಡ್ಸೇ ಇಲ್ಲ ಇದನ್ನ."

ಓಡಿಸಿರಲಿಲ್ಲ, ನಿಜ. ಹುಡುಗ ಸತ್ತಾಗ ಆರನೇ ನಂಬರು ಬಂದು ಎರಡು ವರ್ಷವೂ ಆಗಿರಲಿಲ್ಲ; ಆಮೇಲೆ ಅದರ ಮುಂದೆ ನಿಲ್ಲಲು ಒಬ್ಬನೂ ಒಪ್ಪಲಿಲ್ಲ. ತಾರ್ಪಾಲು ಹೊದಿಸಿ ಗೋದಾಮಿನ ಮೂಲೆಗೆ ತಳ್ಳಿದ್ದರು. ಉಳಿದ ಯಂತ್ರಗಳೆಲ್ಲ ದುಡಿದು ಸವೆದವು, ಇದು ಒಂದು ಸಾವಿನ ದೆಸೆಯಿಂದ ಹೊಚ್ಚ ಹೊಸದಾಗಿ ಉಳಿಯಿತು. ಮೈಕ್ರಾನ್ ಅಷ್ಟು ವರ್ಷವೂ ಆ ಗೋದಾಮಿನ ಕಡೆ ತಲೆ ಹಾಕಿ ಮಲಗಿದವನಲ್ಲ.

ಮನೆಗೆ ಬಂದು "ಅದೂ ಸರಿ ಇಲ್ಲ" ಎಂದ. ಹೆಂಡತಿ ಕತ್ತರಿ ಕೆಳಗಿಟ್ಟಳು. "ನಾಳೆ ನಾನೇ ಬರ್ತೀನಿ. ಮೂವತ್ತು ವರ್ಷದಿಂದ ಮೆಶಿನ್ ತುಳೀತಿದೀನಿ, ನಂಗೂ ಅಷ್ಟಿಷ್ಟು ಗೊತ್ತಾಗುತ್ತೆ," ಎಂದಳು. ಅವಳು ಒಂದು ಸಲ ಹೇಳಿದರೆ ಕಡ್ಡಿ ತುಂಡು ಮಾಡಿದ ಹಾಗೆ.

ಮಾರನೇ ದಿನ ವ್ಯಾಪಾರಿಯ ಅಂಗಳದಲ್ಲಿ ನಡೆದದ್ದನ್ನು ನೋಡಿದವರಿದ್ದರೆ ನಗುತ್ತಿದ್ದರು. ಊರಿನ ಅತ್ಯುತ್ತಮ ಟರ್ನರ್ ಒಬ್ಬ ಊರಿನ ಅತ್ಯುತ್ತಮ ಹಳೆ ಲೇತಿನ ಮುಂದೆ ನಿಂತು, ಅದಕ್ಕೆ ಇಲ್ಲದ ಕಾಯಿಲೆಗಳನ್ನೆಲ್ಲ ಹಚ್ಚುತ್ತಿದ್ದ. ಬೆಡ್ ಸವೆದಿದೆ ಎಂದ. ವ್ಯಾಪಾರಿ ಕೂದಲೆಳೆಯ ಏರುತಗ್ಗನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ತಂದು ಬೆಡ್ಡಿನ ಉದ್ದಕ್ಕೂ ಎಳೆದು ತೋರಿಸಿದ, ಮುಳ್ಳು ಅಲ್ಲಾಡಲಿಲ್ಲ. ಚಕ್ ಓಲಾಡುತ್ತದೆ ಎಂದ. ವ್ಯಾಪಾರಿ ಚಕ್ಕಿಗೆ ಸರಳು ಕಟ್ಟಿ ತಿರುಗಿಸಿದ; ಮುಳ್ಳು ಕೂದಲಷ್ಟೂ ಜರುಗಲಿಲ್ಲ. ಗೇರು ಕೂಗುತ್ತದೆ ಎಂದ. ಮೋಟಾರು ಹಾಕಿದರು. ಲೇತ್ ಎಷ್ಟು ಮೃದುವಾಗಿ ಸದ್ದು ಮಾಡಿತೆಂದರೆ ಅಂಗಳದ ಮೂಲೆಯಲ್ಲಿ ಮಲಗಿದ್ದ ನಾಯಿ ತಲೆ ಎತ್ತಲಿಲ್ಲ.

"ಅಕ್ಕ, ನೀವೇ ಹೇಳಿ," ಎಂದು ವ್ಯಾಪಾರಿ ಅವಳ ಕಡೆ ತಿರುಗಿದ.

ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು. "ಈ ಮೆಶಿನ್ ಮೇಲೆ ನಿಮಗೇನು ಕೋಪ?" ಎಂದಳು.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಅವನಿಗೆ ಆಮೇಲೆ ಸಿಗಲಿಲ್ಲ. ಬಾಯಿ ತೆರೆದ. "ಕೋಪ ಏನಿಲ್ಲ," ಎಂದು ಮುಚ್ಚಿದ.

"ಹಾಗಾದ್ರೆ ಇದೇ ಇರ್ಲಿ. ನಾಡಿದ್ದು ಮನೆಗೆ ಕಳ್ಸಪ್ಪ," ಎಂದು ಅವಳು ವ್ಯಾಪಾರಿಗೆ ಹೇಳಿ ವ್ಯವಹಾರ ಮುಗಿಸಿದಳು.

ಲೇತ್ ಬಂತು. ಆರು ಜನ ಸೇರಿ ಉರುಳೆ ಕೊಟ್ಟು ಹಿತ್ತಲಿನ ಕೋಣೆಗೆ ತಳ್ಳಿದರು. ಮೈಕ್ರಾನ್ ಅದರ ಕಾಲಡಿಗೆ ತಗಡಿನ ಚೂರುಗಳನ್ನು ಕೊಟ್ಟು ಮಟ್ಟ ಮಾಡಿದ. ಒಂದು ದಿನದ ಕೆಲಸಕ್ಕೆ ಒಂದು ವಾರ ತೆಗೆದುಕೊಂಡ. ಮಟ್ಟಗೋಲಿನ ಗುಳ್ಳೆ ನಡುವಿಗೆ ಬಂದು ನಿಂತಮೇಲೂ ಅದನ್ನೇ ನೋಡುತ್ತ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದ. ಅವನು ನೋಡುತ್ತಿದ್ದದ್ದು ಡ್ರಾಯರನ್ನು. ಹೆಂಡತಿ ಹೊಲಿದ ಬಟ್ಟೆ ಕೊಡಲು ಹೋದಾಗ ಮೂರು ಸಲ ಸ್ಕ್ರೂಡ್ರೈವರ್ ಹಿಡಿದು ಅದರ ಸಂದಿಗೆ ಇಟ್ಟ, ಮೂರು ಸಲವೂ ತೆಗೆದ. ತೆರೆದರೆ ಒಳಗಿರುವುದನ್ನು ಎಸೆಯಬೇಕು. ಆ ಹುಡುಗ ತನ್ನ ಕೈಯಾರೆ ಮಾಡಿದ ವಸ್ತುವನ್ನು ಎಸೆಯುವುದೆಂದರೆ ಅವನನ್ನು ಎರಡನೇ ಸಲ ಕೊಂದಂತೆ. ಎಸೆಯದೆ ಇಟ್ಟುಕೊಳ್ಳುವ ಎದೆಗಾರಿಕೆಯೂ ಅವನಿಗಿರಲಿಲ್ಲ. ಹೇಡಿ ಎಂದು ಬೇರೆಯವರು ಹೇಳುವುದು ಬೇಡ, ಅವನೇ ಅಂದುಕೊಂಡ.

ಎಂಟನೇ ದಿನ ಮೋಟಾರಿಗೆ ಬೆಲ್ಟ್ ತರಲು ಪೇಟೆಗೆ ಹೋದ. ಬರುವಷ್ಟರಲ್ಲಿ ಹಿತ್ತಲ ಕೋಣೆಯ ಬಾಗಿಲು ತೆರೆದಿತ್ತು. ಸೀಮೆಎಣ್ಣೆಯ ವಾಸನೆ. ನೆಲದ ಮೇಲೆ ಮೇಣದಬತ್ತಿಯ ತುಂಡು, ಸುತ್ತಿಗೆ, ಸೊಟ್ಟಗಾದ ಸ್ಕ್ರೂಡ್ರೈವರ್. ಹೊಲಿಗೆ ಯಂತ್ರದ ಡ್ರಾಯರು ಕಚ್ಚಿಕೊಂಡರೆ ಮಾಡುವ ಉಪಾಯವನ್ನೆಲ್ಲ ಅವಳು ಇದಕ್ಕೂ ಮಾಡಿದ್ದಳು. ಗಂಡ ಬರುವಷ್ಟರಲ್ಲಿ ಬಿಡಿಸಿ ಇಟ್ಟಿರೋಣ, ಎಣ್ಣೆ ಡಬ್ಬಿ ಇಡಲು ಒಂದು ಜಾಗವಾಗುತ್ತದೆ ಎಂದುಕೊಂಡಿದ್ದಳಂತೆ. ಅವಳು ಸ್ಟೂಲಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಎಣ್ಣೆ ಹಿಡಿದ ಒಂದು ಬಟ್ಟೆ, ಅದರ ಮೇಲೆ ಕೀ. ಸೈಕಲ್ ಸೀಟಿನ ಸ್ಪ್ರಿಂಗಿಗೆ ತುಕ್ಕು ಸಹ ಹಿಡಿದಿರಲಿಲ್ಲ.

ಅವನ ಕೈಯ ಬೆಲ್ಟ್ ಕೆಳಗೆ ಬಿತ್ತು.

"ಇದು ಆರನೇ ನಂಬರಾ?" ಎಂದಳು.

"ಹೂಂ."

"ಮುರಿದುಹೋಯ್ತು, ಎಸೆದ ಅಂದಿದ್ರಿ."

ಅವಳು ಎದ್ದು ಚಕ್ಕಿನ ಹತ್ತಿರ ಹೋದಳು. ಕೀಯನ್ನು ಎರಡು ಕೈಯಲ್ಲಿ ಹಿಡಿದು ತೂತಿಗೆ ಒತ್ತಿದಳು, ಬಿಟ್ಟಳು. ಅದು ಪುಟಿದು ಕೆಳಗಿನ ತಟ್ಟೆಗೆ ಠಣ್ಣೆಂದು ಬಿತ್ತು. ಎತ್ತಿ ಮತ್ತೆ ಒತ್ತಿದಳು, ಬಿಟ್ಟಳು. ಮತ್ತೆ ಬಿತ್ತು. ಮೂರನೇ ಸಲ. ನಾಲ್ಕನೇ ಸಲ. ಇಪ್ಪತ್ತೆರಡು ವರ್ಷದ ಹಿಂದೆ ಯಾರಾದರೂ ಒಬ್ಬ ಅಧಿಕಾರಿ ಮಾಡಬೇಕಾಗಿದ್ದ ಪರೀಕ್ಷೆಯನ್ನು ಒಬ್ಬ ದರ್ಜಿ ಹೆಂಗಸು ಮಾಡುತ್ತಿದ್ದಳು.

"ನಿಲ್ಲಲ್ಲ," ಎಂದಳು. "ಇದು ನಿಲ್ಲೋದೇ ಇಲ್ಲ. ಹಾಗಾದ್ರೆ ಅವತ್ತು ನಿಂತಿದ್ದು ಯಾವುದು?"

"ನಂದು," ಎಂದ ಮೈಕ್ರಾನ್. "ಮೊಳೆಗೆ ಹಾಕಿದೀನಿ ಅಂತಾನೇ ಅಂದ್ಕೊಂಡಿದ್ದೆ. ಗೇಟಲ್ಲಿ ಅವನು ಕೀ ಕೇಳ್ದ. ಕೈ ಚಾಚಿದ್ದ. ಮೊಳೆಗೆ ಹಾಕಿದೀನಿ ಹೋಗು ಅಂದೆ. ಆಮೇಲೆ ಇದನ್ನ ನಾನೇ ಒಳಗೆ ತಳ್ಳಿ..."

ಅವಳು ಕಿರುಚುತ್ತಾಳೆ, ಕೈಯಲ್ಲಿದ್ದದ್ದನ್ನು ತಲೆಗೆ ಎಸೆಯುತ್ತಾಳೆ ಎಂದು ಅವನು ಕಾದ. ಎಸೆದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಬೆರಳು ಮಡಿಚಿ ಏನನ್ನೋ ಲೆಕ್ಕ ಹಾಕಿದಳು.

"ಅವತ್ತು ನೀವು ಬಸ್ ಸ್ಟ್ಯಾಂಡಿಗೆ ಬೇಗ ಬಂದಿದ್ರಿ," ಎಂದಳು. "ಹತ್ತು ನಿಮಿಷ ಮುಂಚೆ. ನಾನೆಷ್ಟು ಖುಷಿಪಟ್ಟೆ ಗೊತ್ತಾ. ನನಗೋಸ್ಕರ ಓಡಿಬಂದ್ರು ಅಂತ ಎಷ್ಟು ವರ್ಷ ಅದನ್ನ ನೆನಸ್ಕೊಂಡು ಖುಷಿಪಟ್ಟೆ."

ಅವನು ನೆಲದ ಮೇಲೆ ಕೂತ. ಅವಳು ಕೀಯನ್ನು ಬಟ್ಟೆಯಲ್ಲಿ ಸುತ್ತಿದಳು. "ಏಳಿ. ಅಮ್ಮನ ಹತ್ರ ಹೇಳಿ."

"ಈ ವಯಸ್ಸಲ್ಲಿ ಅವರಿಗೆ..."

"ಈ ವಯಸ್ಸಿನ ತನಕ ಅವಳು ಮಗನ್ನ ಬೈಕೊಂಡು ಬಂದಿದಾಳೆ. ಅವಳು ಸಾಯೋದ್ರೊಳಗೆ ಅದು ನಿಲ್ಲಬೇಕು. ಏಳ್ರೀ."

ಮುಂದಿನ ಕೋಣೆಯಲ್ಲಿ ಮುದುಕಿ ಬಿಳಿ ಗುಂಡಿಗಳ ರಾಶಿ ಮುಂದಿಟ್ಟುಕೊಂಡು ಕೂತಿದ್ದಳು. ಬೀದಿಯ ಕಡೆಯ ಕಿಟಕಿ ತೆರೆದಿತ್ತು, ಎದುರು ಮನೆಯವರು ನಲ್ಲಿಗೆ ಕೊಡ ಹಿಡಿದಿದ್ದರು. ಮೈಕ್ರಾನ್ ಅವಳ ಮುಂದೆ ನೆಲದ ಮೇಲೆ ಕೂತ.

"ಅತ್ತೆ, ಅವತ್ತು ಕೀ ಬಿಟ್ಟಿದ್ದು ನಾನು," ಎಂದ.

"ಏನಂದ್ರಿ?" ಮುದುಕಿ ಕಿವಿಯ ಹಿಂದೆ ಕೈ ಹಿಡಿದಳು. "ಗಟ್ಟಿಯಾಗಿ ಹೇಳಿ ಅಳಿಯಂದ್ರೆ, ಕೇಳಿಸ್ಲಿಲ್ಲ."

"ಕೀ ಬಿಟ್ಟಿದ್ದು ನಾನು."

"ಇನ್ನೂ ಸ್ವಲ್ಪ ಗಟ್ಟಿಯಾಗಿ."

ಅವನು ಹೆಂಡತಿಯ ಕಡೆ ನೋಡಿದ. ಅವಳು ಬಾಗಿಲಿಗೆ ಒರಗಿ ನಿಂತಿದ್ದಳು, ಕಿಟಕಿ ಮುಚ್ಚಲು ಹೋಗಲಿಲ್ಲ. ಇಪ್ಪತ್ತೊಂಬತ್ತು ವರ್ಷ ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ಅವನದು. ಉಸಿರು ಎಳೆದುಕೊಂಡು ಕೂಗಿದ:

"ನಿಮ್ಮ ಮಗ ತಪ್ಪು ಮಾಡ್ಲಿಲ್ಲ! ಚಕ್ಕಲ್ಲಿ ಕೀ ಬಿಟ್ಟು ಹೋಗಿದ್ದು ನಾನು! ಅವನು ಸತ್ತಿದ್ದು ನನ್ನಿಂದ!"

ಎದುರಿನ ನಲ್ಲಿಯ ಹತ್ತಿರ ಮಾತು ನಿಂತಿತು. ಕೊಡ ತುಂಬಿ ನೀರು ಚೆಲ್ಲುವ ಸದ್ದು ಮಾತ್ರ ಕೇಳುತ್ತಿತ್ತು.

ಮುದುಕಿಗೆ ಈ ಸಲ ಕೇಳಿಸಿತು. ಕೈಯಲ್ಲಿದ್ದ ಗುಂಡಿಯನ್ನು ಅದರ ಡಬ್ಬಿಗೇ ಹಾಕಿದಳು. ಅಳಿಯನ ಮುಖ ನೋಡಲಿಲ್ಲ. ಅವನು ಅಲ್ಲಿ ಕೂತಿರುವುದೇ ಅವಳಿಗೆ ತಿಳಿದಂತಿರಲಿಲ್ಲ. ಗೋಡೆ ಹಿಡಿದು ಎದ್ದು ಫೋಟೋದ ಹತ್ತಿರ ಹೋದಳು. ಅದರ ಗಾಜಿನ ಮೇಲೆ ಅಂಗೈ ಇಟ್ಟಳು.

"ಹಾಗಾದ್ರೆ ನಾನು ಬೈದಿದ್ದೆಲ್ಲ ಸುಮ್ನೆ ಬೈದೆನಲ್ಲೋ ಮಗನೇ," ಎಂದಳು. "ದಿನಾ ಬೈದೆನಲ್ಲೋ. ನೀನಾದ್ರೂ ಒಂದು ಸಲ ಬಂದು ಹೇಳಬಾರದಿತ್ತಾ, ಅಮ್ಮ ನಂದೇನು ತಪ್ಪಿಲ್ಲ ಅಂತ. ಇಪ್ಪತ್ತೆರಡು ವರ್ಷ ಬೈಸ್ಕೊಂಡೆಯಲ್ಲೋ."

ಅಷ್ಟೇ. ಅಳಿಯನಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅವತ್ತಿನಿಂದ ಒಳ್ಳೆಯ ಮಾತನ್ನೂ ಆಡಲಿಲ್ಲ. ಅವನು ಎದುರು ಬಂದರೆ ಗುಂಡಿಯ ಡಬ್ಬಿ ಎತ್ತಿಕೊಂಡು ಪಕ್ಕಕ್ಕೆ ತಿರುಗಿ ಕೂರುತ್ತಾಳೆ. ಫೋಟೋಗೆ ಮಾತ್ರ ಈಗ ಮೆಲುದನಿಯಲ್ಲಿ ಏನೇನೋ ಹೇಳುತ್ತಾಳೆ. ಬೀದಿಯವರು ಕೆಲವು ದಿನ ಆಡಿಕೊಂಡರು, ಕೆಲವರು ಅವನನ್ನು ಕಂಡರೆ ರಸ್ತೆಯ ಆಚೆ ದಾಟಿದರು. ಪಂಪಿನ ಶಾಫ್ಟು ಹಾಳಾದಾಗ ಅವರೇ ಮತ್ತೆ ಹಿತ್ತಲ ಬಾಗಿಲಿಗೆ ಬಂದರು, ಯಾಕೆಂದರೆ ಅಷ್ಟು ಕರಾರುವಾಕ್ಕಾಗಿ ಕೆತ್ತುವವರು ಇನ್ನೊಬ್ಬರಿರಲಿಲ್ಲ.

ಲೇತನ್ನು ಮಾರಿಬಿಡುತ್ತೇನೆ ಎಂದು ಮೈಕ್ರಾನ್ ಎರಡು ಸಲ ಹೇಳಿದ. ಹೆಂಡತಿ ಬೇಡವೆಂದಳು. ಲೇತಿನ ಜೊತೆ ಬಂದಿದ್ದ ಸ್ಪ್ರಿಂಗಿಲ್ಲದ ಕೀಯನ್ನು ಅವಳು ಚರಂಡಿಗೆ ಎಸೆದಳು. ಈಗ ಅವನು ಬಿಗಿಯುವುದೆಲ್ಲ ಹುಡುಗನ ಸ್ಪ್ರಿಂಗಿನ ಕೀಯಿಂದಲೇ, ಒಂದೊಂದು ಸಲಕ್ಕೂ ಒತ್ತಿ ಹಿಡಿದು. ಸಂಜೆ ಆರಕ್ಕೆ ಅವಳು ಹೊಲಿಗೆ ನಿಲ್ಲಿಸಿ ಹಿತ್ತಲಿಗೆ ಬರುತ್ತಾಳೆ, ಬಾಗಿಲಲ್ಲಿ ನಿಂತು ಅಂಗೈ ಚಾಚುತ್ತಾಳೆ. ಅವನು ಯಂತ್ರ ನಿಲ್ಲಿಸಿ, ಕೀಯ ಎಣ್ಣೆ ಒರೆಸಿ, ಆ ಅಂಗೈಯಲ್ಲಿ ಇಡುತ್ತಾನೆ. ಅವಳು ಮುಷ್ಟಿ ಮುಚ್ಚಿಕೊಂಡು ಒಳಗೆ ಹೋಗುತ್ತಾಳೆ.